ಬರೆ ಬದಿಯ ಹೊಸ ಮನೆ: ಕೆಳ ಅಂತಸ್ತಿನ ಥಂಡಿಗೆ ಏನು ಮಾಡಬೇಕು

(ಮಡಿಕೇರಿಯಲ್ಲಿ, ಹೊಸದಾಗಿ ಮನೆ ಕಟ್ಟಿದವರು ಮತ್ತು ಕಟ್ಟಲು ಹೊರಟವರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಏಪ್ರಿಲ್‌ನಲ್ಲೋ ಮೇ ತಿಂಗಳಲ್ಲೋ ಗೃಹಪ್ರವೇಶ ಆಗುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಜುಲೈ-ಆಗಸ್ಟ್ ನಡುವಿನ ಕಕ್ಕಡ ತಿಂಗಳು ಕಳೆಯುವ ಹೊತ್ತಿಗೆ ಕೆಳ ಅಂತಸ್ತಿನ ಗೋಡೆಯಲ್ಲಿ ಪೇಂಟು ಉಬ್ಬಿರುತ್ತದೆ, ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿದಿರುತ್ತದೆ, ಕಪಾಟು ತೆಗೆದರೆ ಮುಗ್ಗಲು ವಾಸನೆ. ಗೋಡೆಯ ಈ ಪಸೆಗೇ ನಾವು ಥಂಡಿ ಎನ್ನುವುದು. ಸಾಲ ಮಾಡಿ, ಆಸೆಪಟ್ಟು ಕಟ್ಟಿದ ಮನೆ. ಇನ್ನೂ ವರ್ಷ ತುಂಬಿರುವುದಿಲ್ಲ. ಆ ಮನೆಯವರ ಮುಖ ನೋಡಿದರೆ ಸಂಕಟ ಆಗುತ್ತದೆ.

ಕೊಡಗಿನಲ್ಲಿ ಮನೆ ಕಟ್ಟಿಸುವ ಕೆಲಸದಲ್ಲಿ ಇರುವುದರಿಂದ, ಪ್ರತಿ ವರ್ಷ ಸೆಪ್ಟೆಂಬರ್ ಮೊದಲಿಗೆ ಬರುವ ಕೈಲ್ ಪೊಳ್ದ್ ಹಬ್ಬದ ಆಸುಪಾಸಿನಲ್ಲಿ ನನಗೆ ಇದೇ ವಿಷಯಕ್ಕೆ ಫೋನು ಬರುತ್ತಲೇ ಇರುತ್ತದೆ. ಹೆಚ್ಚಿನವರು ಕೇಳುವುದು ಒಂದೇ: ಯಾವ ಕಂಪನಿಯ ವಾಟರ್‌ಪ್ರೂಫ್ ಪೇಂಟ್ ಒಳ್ಳೆಯದು? ಇವತ್ತು ನಾನು ಹೇಳಲು ಬಂದಿರುವುದೂ ಒಂದೇ ಮಾತು. ಪೇಂಟಿನ ಡಬ್ಬಿ ಕೊನೆಗೆ ಬರಲಿ. ಈ ನೀರು ಎಲ್ಲಿಂದ ಬಂತು ಎಂದು ಮೊದಲು ಪತ್ತೆ ಮಾಡೋಣ. ಆಮೇಲೆ ಅದು ಹೋಗಲು ಬೇರೆ ದಾರಿ ಮಾಡಿಕೊಡೋಣ.

ನಮ್ಮಲ್ಲಿ ಬೇಸ್‌ಮೆಂಟ್ ಅಂದರೆ ಬೆಂಗಳೂರಿನ ಹಾಗೆ ನಾಲ್ಕೂ ಕಡೆ ನೆಲದೊಳಗೆ ಇರುವ ಪಾರ್ಕಿಂಗ್ ಅಲ್ಲ. ಇಳಿಜಾರಿನಲ್ಲಿ ಗುಡ್ಡ ಕಡಿದು ಮಟ್ಟ ಮಾಡುತ್ತೇವೆ. ಹಾಗೆ ಕಡಿದಾಗ ನೆಟ್ಟಗೆ ನಿಲ್ಲುವ ಮಣ್ಣಿನ ಬದಿಗೆ ಬರೆ ಎನ್ನುತ್ತೇವೆ. ರಸ್ತೆ ಬದಿಗೆ ಮೇಲಿನ ಅಂತಸ್ತು, ಅದರ ಕೆಳಗೆ ಇನ್ನೊಂದು. ಆ ಕೆಳಗಿನದರ ಹಿಂದಿನ ಗೋಡೆ ಮಣ್ಣಿಗೆ ಅಂಟಿಕೊಂಡಿರುತ್ತದೆ. ಎದುರಿನ ಬದಿ ತೆರೆದಿದ್ದು, ಕಿಟಕಿಯಿಂದ ತೋಟ ಕಾಣುತ್ತದೆ. ಕೆಲವರು ಅಲ್ಲಿ ಮೆಣಸು, ಕಾಫಿ ಚೀಲ ಇಡುತ್ತಾರೆ. ಕೆಲವರು ಹೋಂಸ್ಟೇ ಕೋಣೆ ಮಾಡುತ್ತಾರೆ. ವಯಸ್ಸಾದ ತಂದೆ ತಾಯಿಗೆ ಮೆಟ್ಟಿಲು ಹತ್ತುವ ಕಷ್ಟ ಬೇಡ ಎಂದು ಅದೇ ಕೋಣೆ ಕೊಟ್ಟವರೂ ಇದ್ದಾರೆ. ಉಬ್ಬಸ, ಕೀಲುನೋವು ಇರುವವರು ಮಳೆಗಾಲ ಪೂರ್ತಿ ಆ ಪಸೆಯಲ್ಲಿ ಮಲಗಬೇಕಾಗುತ್ತದೆ. ಹಾಗಾಗಿ ಇದನ್ನು ಗೋಡೆಯ ಅಂದದ ವಿಷಯ ಎಂದು ನಾನು ನೋಡುವುದಿಲ್ಲ.

ಕೊಡವ ಕುಟುಂಬಗಳ ಹಳೆಯ ಐನ್‌ಮನೆಗಳನ್ನು ನೆನಪು ಮಾಡಿಕೊಳ್ಳಿ. ಗದ್ದೆಯಿಂದ ಮೇಲೆ, ನೀರು ನಿಲ್ಲದ ಜಾಗ. ಎತ್ತರದ ಪಾಯ, ಹತ್ತಿ ಹೋಗಲು ಕಲ್ಲಿನ ಮೆಟ್ಟಿಲು, ಗೋಡೆಗೆ ಎರಚಲು ತಾಗದಂತೆ ಚಾಚಿದ ಹಂಚಿನ ಮಾಡು. ಅವರಿಗೆ ಜಾಗ ಇತ್ತು, ಆರಿಸಿಕೊಂಡರು. ಇವತ್ತು ಐದಾರು ಸೆಂಟ್ಸ್ ಜಾಗ ಸಿಗುವುದೇ ಕಷ್ಟ, ಅದೂ ಇಳಿಜಾರಿನಲ್ಲಿ. ಬರೆ ಕಡಿದು ಕಟ್ಟಿದವರನ್ನು ಬೈದು ಪ್ರಯೋಜನ ಇಲ್ಲ. ಆದರೆ ಅಂಥ ಕಡೆ ಕಟ್ಟಿದ ಮೇಲೆ ನೀರಿನ ಲೆಕ್ಕ ನಮಗೆ ಗೊತ್ತಿರಬೇಕು.

ಲೆಕ್ಕ ಅಂದೆ, ಹಾಗಾಗಿ ಒಂದು ಸಣ್ಣ ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಬೆಳೆಗಾರರು ಮಳೆಯನ್ನು ಇಂಚು, ಸೆಂಟ್‌ನಲ್ಲಿ ಬರೆದಿಡುತ್ತಾರಲ್ಲ (ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್), ಅದರಲ್ಲೇ ನೋಡೋಣ. 1,000 ಚದರ ಅಡಿಯ ಮಾಡಿನ ಮೇಲೆ ಒಂದು ದಿನ 4 ಇಂಚು ಮಳೆ ಬಿದ್ದರೆ ಸುಮಾರು 9,400 ಲೀಟರ್ ನೀರಾಗುತ್ತದೆ. 5,000 ಲೀಟರಿನ ಎರಡು ಟ್ಯಾಂಕರ್‌ನಷ್ಟು. ಜುಲೈನಲ್ಲಿ ಇದು ನಮಗೆ ದೊಡ್ಡ ಮಳೆಯೂ ಅಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ, ಅಂದರೆ 120 ಇಂಚಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಭಾಗಮಂಡಲದ ಕಡೆ ಇನ್ನೂ ಎಷ್ಟೋ ಜಾಸ್ತಿ. ಕುಶಾಲನಗರದ ಕಡೆ ಬಹಳ ಕಡಿಮೆ. 120 ಇಂಚು ಎಂದು ಹಿಡಿದರೂ ಆ ಒಂದು ಮಾಡಿನಿಂದ ವರ್ಷಕ್ಕೆ 2.8 ಲಕ್ಷ ಲೀಟರ್ ಇಳಿಯುತ್ತದೆ. ಈ ನೀರು ಎಲ್ಲಿಗೆ ಹೋಗುತ್ತಿದೆ? ನಾನು ನೋಡಿದ ಎಷ್ಟೋ ಹೊಸ ಮನೆಗಳಲ್ಲಿ ಸೂರಿಗೆ ಗಟರ್ ಪೈಪೇ ಇರುವುದಿಲ್ಲ. ಇದ್ದರೂ ಪೈಪು ಹಿಂದಿನ ಗೋಡೆಯ ಬುಡಕ್ಕೇ ಬಂದು ನಿಂತಿರುತ್ತದೆ. ಕೆಳ ಅಂತಸ್ತಿನ ಗೋಡೆಗೆ ನೀರು ಕುಡಿಸುತ್ತಿರುವುದು ನಮ್ಮದೇ ಮಾಡು.

ಇನ್ನು ನೀರು ಎಲ್ಲಿಂದ ಬರುತ್ತದೆ ಎನ್ನುವುದಕ್ಕೆ ಬರೋಣ.

ಹೊಸ ಮನೆಯಲ್ಲಿ ಎಲ್ಲರೂ ಮರೆಯುವ ನೀರು ಒಂದಿದೆ. ಅದು ಕಟ್ಟುವಾಗ ನಾವೇ ಹಾಕಿದ ನೀರು. 50 ಕಿಲೋ ಸಿಮೆಂಟಿನ ಒಂದು ಚೀಲಕ್ಕೆ ಕಾಂಕ್ರೀಟಿನಲ್ಲಿ ಸುಮಾರು 25 ಲೀಟರ್ ನೀರು ಹಾಕುತ್ತೇವೆ. ಅದರಲ್ಲಿ ಅಂದಾಜು ಅರ್ಧ ಸಿಮೆಂಟಿನ ಜೊತೆ ಸೇರಿ ಗಟ್ಟಿಯಾಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಗಾಳಿಗೆ ಹೋಗಬೇಕು. 400 ಚೀಲ ಸಿಮೆಂಟು ಹಿಡಿದ ಮನೆಯಿಂದ ನಾಲ್ಕೈದು ಸಾವಿರ ಲೀಟರ್ ನೀರು ಆರಬೇಕು ಎಂದಾಯಿತು. ಇದರ ಮೇಲೆ ಕ್ಯೂರಿಂಗ್‌ಗೆ ಬಿಟ್ಟ ನೀರು, ಮಳೆಯಲ್ಲಿ ನೆಂದ ಇಟ್ಟಿಗೆ, ಬ್ಲಾಕು, ಮರಳು. ಕೆಳ ಅಂತಸ್ತಿನ ಹಿಂದಿನ ಗೋಡೆಗೆ ಹೊರಬದಿಯಲ್ಲಿ ಮಣ್ಣು ಇರುವುದರಿಂದ ಅದು ಒಳಬದಿಗೆ ಮಾತ್ರ ಆರಬಲ್ಲದು. ನಾವು ಗಿಲಾವು ಮಾಡಿದ ತಿಂಗಳೊಳಗೆ ಅದರ ಮೇಲೆ ಪುಟ್ಟಿ, ಪ್ರೈಮರ್, ಪ್ಲಾಸ್ಟಿಕ್ ಪೇಂಟ್ ಬಳಿದು ಆ ಒಂದು ಬಾಗಿಲನ್ನೂ ಮುಚ್ಚುತ್ತೇವೆ. ಗೃಹಪ್ರವೇಶದ ದಿನ ಗೋಡೆ ಚೆನ್ನಾಗಿ ಕಾಣಬೇಕಲ್ಲ!

ಇದು ಒಂದು ಸಲದ ನೀರು. ಒಂದು ಬೇಸಿಗೆ, ಹೆಚ್ಚೆಂದರೆ ಎರಡು ಬೇಸಿಗೆಯಲ್ಲಿ ಹೋಗುತ್ತದೆ. ಹಾಗಾಗಿ ಮೊದಲ ವರ್ಷದ ಥಂಡಿ ನೋಡಿ ಎದೆ ಒಡೆದುಕೊಳ್ಳಬೇಡಿ. ಹೊಸ ಮನೆಯ ಕೆಳಗಿನ ಕೋಣೆಗೆ ಮೊದಲ ವರ್ಷ ಸುಣ್ಣ ಮಾತ್ರ ಹೊಡೆಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಸುಣ್ಣದ ಮೂಲಕ ಗೋಡೆ ಉಸಿರಾಡುತ್ತದೆ. ಸುಣ್ಣದ ಕ್ಷಾರಕ್ಕೆ ಬೂಷ್ಟು ಬೇಗ ಹಿಡಿಯುವುದಿಲ್ಲ. ಖರ್ಚೂ ಕಡಿಮೆ. ಪುಟ್ಟಿ, ಪೇಂಟು, ವಾಲ್‌ಪೇಪರ್ ಎಲ್ಲ ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ.

ಎರಡನೆಯದು ಪಾಯದಿಂದ ಮೇಲೆ ಏರುವ ನೀರು. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವ ಹಾಗೆ ಇಟ್ಟಿಗೆ, ಗಾರೆ, ಬ್ಲಾಕು ನೆಲದ ನೀರನ್ನು ಮೇಲಕ್ಕೆ ಎಳೆಯುತ್ತವೆ. ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಒಂದೇ ಮಟ್ಟದ ಪಟ್ಟಿಯಂತೆ ಕಲೆ ಕಟ್ಟಿದರೆ, ಅದರ ಮೇಲಂಚಿನಲ್ಲಿ ಬಿಳಿ ಉಪ್ಪು ಹುಡಿಹುಡಿಯಾಗಿ ಬಂದರೆ ಇದು ಅದೇ. ಇದನ್ನು ತಡೆಯಲು ಪ್ಲಿಂತ್ ಮಟ್ಟದಲ್ಲಿ, ಅಂದರೆ ಪಾಯ ಮುಗಿದು ಗೋಡೆ ಶುರುವಾಗುವಲ್ಲಿ, ಡಿಪಿಸಿ ಎನ್ನುವ ನೀರು ತಡೆಯುವ ಪದರ ಹಾಕುತ್ತಾರೆ. ಹೆಚ್ಚಿನ ಮೇಸ್ತ್ರಿಗಳು ಸರಿಯಾಗೇ ಹಾಕುತ್ತಾರೆ. ಕೆಡಿಸುವುದು ಆಮೇಲೆ. ಮನೆಯಾದ ಮೇಲೆ ಅಂಗಳಕ್ಕೆ ಒಂದು ಅಡಿ ಮಣ್ಣು ತುಂಬಿಸಿ ಇಂಟರ್‌ಲಾಕ್ ಹಾಕಿಸುತ್ತೇವೆ. ಅಂಗಳದ ಮಟ್ಟ ಡಿಪಿಸಿ ದಾಟಿ ಮೇಲೆ ಹೋಗುತ್ತದೆ. ಪದರ ಮಣ್ಣಿನಡಿ ಸೇರಿದ ಮೇಲೆ ಇದ್ದೂ ಇಲ್ಲದಂತೆ. ಹೊರಗಿನ ಅಂಗಳ ಯಾವತ್ತೂ ಡಿಪಿಸಿಗಿಂತ ಅರ್ಧ ಅಡಿಯಾದರೂ ಕೆಳಗೆ ಇರಬೇಕು. ಹೋಗಿ ನಿಮ್ಮ ಮನೆಯಲ್ಲಿ ಒಮ್ಮೆ ಅಳೆದು ನೋಡಿ.

ಮೂರನೆಯದು ಗಾಳಿಯಿಂದ ಬರುವ ನೀರು. ಒಳಗಿನ ಗಾಳಿ 25 ಡಿಗ್ರಿ ಇದ್ದು ಅದರ ತೇವಾಂಶ ಶೇಕಡಾ 80 ಇದ್ದರೆ, 21 ಡಿಗ್ರಿಗೆ ತಣ್ಣಗಾದ ಗೋಡೆ ತಾಗಿದ ಕೂಡಲೇ ಹನಿ ಕಟ್ಟುತ್ತದೆ. ಮಣ್ಣಿಗೆ ತಾಗಿದ ಗೋಡೆ ಹಗಲಲ್ಲೂ ತಣ್ಣಗೇ ಇರುತ್ತದೆ. ಮೇ ತಿಂಗಳ ಕೊನೆಯಲ್ಲಿ, ಸೆಕೆಯೂ ಇದ್ದು ಮಳೆಯೂ ಶುರುವಾದಾಗ ಇದು ಜಾಸ್ತಿ. ಆಮೇಲೆ ಮಳೆಗಾಲದಲ್ಲಿ ಬಟ್ಟೆ ಒಣಗಲು ಕೆಳಗಿನ ಕೋಣೆಯಲ್ಲೇ ಹಗ್ಗ ಕಟ್ಟುತ್ತೇವೆ. ಒಂದು ಬಕೆಟ್ ಬಟ್ಟೆಯಿಂದ ಆರುವ ಎರಡು ಮೂರು ಲೀಟರ್ ನೀರು ಅದೇ ಕೋಣೆಯ ಗಾಳಿಗೆ ಸೇರುತ್ತದೆ, ಗಾಳಿಯಿಂದ ಗೋಡೆಗೆ. ಕಪಾಟಿನ ಹಿಂದೆ, ಮಂಚದ ತಲೆಬದಿಯಲ್ಲಿ ಮಾತ್ರ ಬೂಷ್ಟು ಹಿಡಿಯುವುದು ಇದರಿಂದಲೇ. ಅಲ್ಲಿ ಗಾಳಿ ಆಡುವುದಿಲ್ಲ.

ನಾಲ್ಕನೆಯದು ಬರೆಯ ನೀರು. ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ. ಅದಕ್ಕೆ ಹೋಗುವ ಮೊದಲು, ನಿಮ್ಮ ಗೋಡೆಯಲ್ಲಿ ಇರುವುದು ಯಾವ ನೀರು ಎಂದು ತಿಳಿಯುವ ಸುಲಭದ ದಾರಿ ಹೇಳುತ್ತೇನೆ. ಇದಕ್ಕೆ ಇಂಜಿನಿಯರ್ ಬೇಕಾಗಿಲ್ಲ.

ಗೋಡೆಯ ಮೇಲಿನ ಹನಿಯನ್ನು ಒರೆಸಿ. ಒಂದೂವರೆ ಅಡಿ ಅಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಗಾಳಿ ಹೋಗದಂತೆ ಅಂಟಿಸಿ. ಒಂದೆರಡು ದಿನ ಬಿಡಿ. ಹಾಳೆಯ ಹೊರಮೈಯಲ್ಲಿ, ಅಂದರೆ ಕೋಣೆಯ ಬದಿಗೆ ಹನಿ ಕಟ್ಟಿದರೆ ಅದು ಗಾಳಿಯ ನೀರು. ಹಾಳೆಯ ಒಳಗೆ, ಗೋಡೆ ಬದಿಗೆ ಹನಿ ಕಟ್ಟಿದರೆ ನೀರು ಗೋಡೆಯಿಂದಲೇ ಬರುತ್ತಿದೆ. ಕೆಲವು ಸಲ ಎರಡೂ ಕಡೆ ಇರುತ್ತದೆ, ಎರಡೂ ಕಾರಣ ಇದೆ ಎಂದು ತಿಳಿಯಿರಿ.

ಗೋಡೆಯಿಂದ ಬರುವುದಾದರೆ ಅದು ಕಟ್ಟಿದಾಗಿನ ನೀರೋ, ಬರೆಯ ನೀರೋ? ಇದಕ್ಕೆ ಪೆನ್ಸಿಲ್ ಸಾಕು. ಕಲೆಯ ಅಂಚಿಗೆ ಗೆರೆ ಎಳೆದು ತಾರೀಕು ಬರೆಯಿರಿ. ಜೋರು ಮಳೆಯಾದ ಒಂದೆರಡು ದಿನದಲ್ಲಿ ಕಲೆ ಗೆರೆ ದಾಟಿ ಹರಡಿದರೆ ಬರೆಯ ನೀರು. ಮಳೆಗೆ ಸಂಬಂಧವೇ ಇಲ್ಲದೆ ನಿಧಾನವಾಗಿ ಕುಗ್ಗುತ್ತಾ ಹೋದರೆ ಕಟ್ಟಿದಾಗಿನ ನೀರು. ಫೆಬ್ರವರಿಯ ಬಿಸಿಲಲ್ಲೂ ಒಂದೇ ಜಾಗ ಒದ್ದೆಯಾಗಿದ್ದರೆ ಪೈಪು ಸೋರುತ್ತಿರಬಹುದು. ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿ, ಮೇಲಿನ ಟ್ಯಾಂಕಿನಲ್ಲಿ ನೀರಿನ ಮಟ್ಟ ಗುರುತು ಮಾಡಿ ಬೆಳಿಗ್ಗೆ ನೋಡಿದರೆ ಗೊತ್ತಾಗುತ್ತದೆ. ಮಟ್ಟ ಇಳಿಯದಿದ್ದರೂ ಪೈಪಿನ ಅನುಮಾನ ಪೂರ್ತಿ ಹೋಗಲಿಲ್ಲ. ಬಚ್ಚಲಿನ, ಕಕ್ಕಸಿನ ಹೊರಹೋಗುವ ಪೈಪು ಸೋರಿದರೆ ಟ್ಯಾಂಕಿಗೆ ಗೊತ್ತಾಗುವುದಿಲ್ಲ. ಆ ಪೈಪಿನ ಹಾದಿಯನ್ನು ಬೇರೆಯಾಗಿ ನೋಡಬೇಕು. ಪೈಪು ಯಾವುದೂ ಸೋರುತ್ತಿಲ್ಲ ಎಂದಾದರೆ ಅದು ಬೇಸಿಗೆಯಲ್ಲೂ ಬತ್ತದ ಒರತೆ ಇರಬಹುದು.

ಈಗ ಬರೆಯ ವಿಷಯ. ಗುಡ್ಡದ ಮೇಲಿನ ಮಳೆಯೆಲ್ಲ ಮೇಲ್ಮೈಯಲ್ಲಿ ಹರಿದು ಹೋಗುವುದಿಲ್ಲ. ಒಂದು ಪಾಲು ಮಣ್ಣಿಗೆ ಇಳಿದು, ಕೆಳಗೆ ಗಟ್ಟಿ ಪದರ ಸಿಕ್ಕಿದಲ್ಲಿ ಅದರ ಮೇಲೆ ಜಾರುತ್ತಾ ತಗ್ಗಿಗೆ ಹೊರಡುತ್ತದೆ. ನಾವು ಬರೆ ಕಡಿದಾಗ ಆ ದಾರಿಯನ್ನು ನಡುವೆ ಕತ್ತರಿಸಿ, ಅಲ್ಲಿ ಗೋಡೆ ನಿಲ್ಲಿಸುತ್ತೇವೆ. ಗೋಡೆಗೂ ಕಡಿದ ಮಣ್ಣಿಗೂ ನಡುವೆ ಉಳಿದ ಸಂದಿಗೆ ಕೆಲಸದವರು ಏನು ತುಂಬುತ್ತಾರೆ ಗೊತ್ತಾ? ಒಡೆದ ಇಟ್ಟಿಗೆ, ಹರಿದ ಸಿಮೆಂಟ್ ಚೀಲ, ಸೆಂಟ್ರಿಂಗ್ ಮರದ ಚೂರು, ಅದರ ಮೇಲೆ ಅದೇ ಕೆಂಪು ಮಣ್ಣು. ಆ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಗಸ್ಟ್ ಹೊತ್ತಿಗೆ ನಿಮ್ಮ ಗೋಡೆಯ ಹಿಂದೆ ಒಂದು ನೀರಿನ ತೊಟ್ಟಿಯೇ ಇರುತ್ತದೆ.

ನಿಂತ ನೀರಿಗೆ ಭಾರ ಇದೆ. ಗೋಡೆಯ ಹಿಂದೆ 2 ಮೀಟರ್, ಅಂದರೆ ಆರೂವರೆ ಅಡಿ ನೀರು ನಿಂತರೆ, ಗೋಡೆಯ ಬುಡದಲ್ಲಿ ಒಂದು ಚದರ ಮೀಟರಿಗೆ 2 ಟನ್ ಒತ್ತಡ. ಗೋಡೆಯ ಪ್ರತಿ ಒಂದು ಮೀಟರ್ ಉದ್ದಕ್ಕೂ ಒಟ್ಟು 2 ಟನ್ ತಳ್ಳುತ್ತದೆ. ಮಣ್ಣಿನ ತಳ್ಳುವಿಕೆ ಬೇರೆ. ಒಳಗಿನಿಂದ ಬಳಿದ ತೆಳು ಪೇಂಟು ಇದರ ಮುಂದೆ ನಿಲ್ಲುತ್ತದೆಯೇ? ನೀರು ಗಾರೆಯ ಉಪ್ಪನ್ನು ಕರಗಿಸಿಕೊಂಡು ಒಳಬದಿಗೆ ಬರುತ್ತದೆ, ಅಲ್ಲಿ ಆರಿದಾಗ ಉಪ್ಪು ಹರಳುಗಟ್ಟಿ ಪೇಂಟನ್ನೂ ಪುಟ್ಟಿಯನ್ನೂ ಎತ್ತಿ ಹಾಕುತ್ತದೆ. ಎರಡನೇ ಸಲ ಇನ್ನೂ ದುಬಾರಿ ಪೇಂಟು ಬಳಿದರೆ ಮುಂದಿನ ವರ್ಷ ಅದೂ ಉದುರುತ್ತದೆ. ಕೆರೆದು ಬಳಿಯುವುದರಲ್ಲೇ ವರ್ಷ ಕಳೆದ ಮನೆಗಳು ಬೇಕಾದಷ್ಟಿವೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ತಡೆಗೋಡೆಯಲ್ಲಿ ನೀರು ಹೊರಬರಲು ಬಿಟ್ಟ ತೂತುಗಳು ಇರುತ್ತವೆ, ವೀಪ್ ಹೋಲ್ ಎನ್ನುತ್ತೇವೆ. ಅಂಗಳ ಗಲೀಜಾಗುತ್ತದೆ ಎಂದು ಅದಕ್ಕೆ ಸಿಮೆಂಟು ಮೆತ್ತಿದವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಆ ತೂತು ಮುಚ್ಚಿದರೆ ಒತ್ತಡವೆಲ್ಲ ಗೋಡೆಯ ಮೇಲೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿ, ಜೋಡುಪಾಲದ ಕಡೆ ಗುಡ್ಡಗಳು ಇಳಿದಾಗ ನಾವೆಲ್ಲ ಇಲ್ಲೇ ಇದ್ದೆವು. ಭಾರಿ ಮಳೆಯ ಜೊತೆಗೆ, ಮನೆ, ರಸ್ತೆಗಾಗಿ ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದನ್ನೂ ಭೂವಿಜ್ಞಾನಿಗಳು ಕಾರಣವಾಗಿ ತೋರಿಸಿದರು. ಗೋಡೆಯ ಪಸೆಗೂ ಗುಡ್ಡ ಕುಸಿತಕ್ಕೂ ಎಲ್ಲ ಮನೆಯಲ್ಲೂ ಸಂಬಂಧ ಇರುವುದಿಲ್ಲ, ಸುಮ್ನೆ ಹೆದರಬೇಡಿ. ಆದರೆ ಎರಡರಲ್ಲೂ ಇರುವುದು ಮಣ್ಣಿನೊಳಗೆ ಸಿಕ್ಕಿಕೊಂಡ ನೀರೇ. ವೀಪ್ ಹೋಲ್‌ನಿಂದ ತಿಳಿ ನೀರು ಬರುತ್ತಿದ್ದರೆ ಒಳ್ಳೆಯದೇ. ಅದು ಇದ್ದಕ್ಕಿದ್ದಂತೆ ಕೆಸರಾದರೆ, ಅಥವಾ ಜೋರು ಮಳೆಯಲ್ಲಿ ಹರಿವು ಒಮ್ಮೆಗೇ ನಿಂತರೆ, ಗೋಡೆ ಹೊಟ್ಟೆ ಬಿಟ್ಟರೆ, ಬರೆಯ ಮೇಲೆ ಉದ್ದಕ್ಕೆ ಬಿರುಕು ಕಂಡರೆ ಆ ರಾತ್ರಿ ಕೆಳಗಿನ ಕೋಣೆಯಲ್ಲಿ ಮಲಗಬೇಡಿ. ಮನೆ ಬಿಟ್ಟು ಹೊರಡಿ, ಪಂಚಾಯಿತಿಗೆ ತಿಳಿಸಿ.

ಹಾಗಾದರೆ ಮಾಡಬೇಕಾದ್ದು ಏನು? ಮೇಲಿನಿಂದ ಶುರು ಮಾಡಿ.

ಮಾಡಿನ ನೀರನ್ನು ಗಟರ್ ಪೈಪಿನಲ್ಲಿ ಹಿಡಿದು, ಮನೆ ದಾಟಿಸಿ ಕೆಳಬದಿಗೆ ಒಯ್ದು ಬಿಡಿ. ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಇಷ್ಟು ಪ್ರಯೋಜನ ಕೊಡುವ ಕೆಲಸ ಬೇರೆ ಇಲ್ಲ. ಮರದೆಲೆ ಬಿದ್ದು ಕಟ್ಟಿಕೊಳ್ಳುತ್ತದೆ, ಮೇ ಕೊನೆಯಲ್ಲಿ ಒಮ್ಮೆ, ಜುಲೈನಲ್ಲಿ ಒಮ್ಮೆ ತೆಗೆಯಬೇಕು. ಆಮೇಲೆ ಬರೆಯ ನೆತ್ತಿಯಲ್ಲಿ ಒಂದು ಚರಂಡಿ. ಮೇಲಿನ ತೋಟದಿಂದ ಹರಿದು ಬರುವ ನೀರು ಬರೆಗೆ ಇಳಿಯುವ ಮೊದಲೇ ಬದಿಗೆ ತಿರುಗಿ ತೋಡಿಗೆ ಸೇರಬೇಕು. ಈ ಚರಂಡಿಗೆ ಸಿಮೆಂಟಿನ ತಳ ಇರಲಿ. ಬರೀ ಮಣ್ಣಿನ ಕಾಲುವೆ ತೋಡಿದರೆ ನೀರು ಅಲ್ಲೇ ಇಂಗಿ ಮತ್ತೆ ನಿಮ್ಮ ಗೋಡೆಗೇ ಬರುತ್ತದೆ.

ಇಂಗುವ ಮಾತು ಬಂತು. ಕಾಫಿ ಗಿಡಗಳ ಸಾಲಿನ ನಡುವೆ ತೊಟ್ಟಿಲು ಗುಂಡಿ ತೆಗೆಯುತ್ತೇವೆ. ಗಿಡಕ್ಕೆ ತುಂಬಾ ಒಳ್ಳೆಯದು, ಮಣ್ಣೂ ಉಳಿಯುತ್ತದೆ. ಆದರೆ ಮನೆಯ ಹಿಂದಿನ ಬರೆಯ ನೇರ ಮೇಲಿನ ಸಾಲುಗಳಲ್ಲಿ ಬೇಡ. ಮಳೆನೀರಿನ ಇಂಗುಗುಂಡಿಯೂ ಅಷ್ಟೇ, ಅದು ಮನೆಯ ಕೆಳಬದಿಗೆ ಇರಲಿ. ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವ ಗುಂಡಿ ಮೇಲ್ಬದಿಯಲ್ಲಿದ್ದರೆ ಥಂಡಿಯ ಜೊತೆ ರೋಗವೂ ಕೋಣೆಗೆ ಬರುತ್ತದೆ. ಪಕ್ಕದ ಮೇಲಿನ ಮನೆಯದ್ದಾದರೆ? ಜಗಳ ಮಾಡದೆ ಕೂತು ಮಾತಾಡಿ, ಪೈಪು ಹಾಕಿಸಲು ನಿಮ್ಮ ಪಾಲಿನದ್ದೂ ಸ್ವಲ್ಪ ಕೊಡಿ. ನಿಮ್ಮ ಗೋಡೆಗೆ ಆಗುವ ಖರ್ಚಿಗಿಂತ ಅದು ಕಡಿಮೆಯೇ.

ಇಷ್ಟು ಮಾಡಿ ಒಂದು ಮಳೆಗಾಲ ನೋಡಿ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಮುಕ್ಕಾಲು ಪಾಲು ಸರಿಹೋಗುತ್ತದೆ. ಹೋಗಲಿಲ್ಲ ಎಂದರೆ ಗೋಡೆಯ ಹಿಂದೆ ಇಳಿಯಬೇಕು.

ಗೋಡೆಯ ಹೊರಬದಿಗೆ ಕಾಲುವೆ ತೋಡಬೇಕು. ಅದರ ತಳ ಕೋಣೆಯ ನೆಲಕ್ಕಿಂತ ಕೆಳಗೆ ಇರಬೇಕು, ಆದರೆ ಪಾಯದ ತಳಕ್ಕಿಂತ ಕೆಳಗೆ ಹೋಗಬಾರದು, ಹೋದರೆ ಪಾಯವೇ ಸಡಿಲವಾಗುತ್ತದೆ. ತಳಕ್ಕೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಸ್ವಲ್ಪ ಜಲ್ಲಿ ಹಾಕಿ, ತೂತು ಕೊರೆದ 4 ಇಂಚಿನ ಪಿವಿಸಿ ಪೈಪನ್ನು ತೂತು ಕೆಳಮುಖವಾಗಿ ಇಡಬೇಕು. 100 ಅಡಿಗೆ 1 ಅಡಿ ಇಳಿಜಾರು ಸಾಕು. ಮೇಲೆ ಜಲ್ಲಿ ತುಂಬಿ ಬಟ್ಟೆ ಮಡಚಬೇಕು. ಬಟ್ಟೆ ಇಲ್ಲದಿದ್ದರೆ ನಮ್ಮ ಕೆಂಪು ಮಣ್ಣು ಕೆಲವೇ ಮಳೆಗಾಲದಲ್ಲಿ ಜಲ್ಲಿಯ ಸಂದಿಯನ್ನೆಲ್ಲ ತುಂಬಿಬಿಡುತ್ತದೆ. ಮೂಲೆಗಳಲ್ಲಿ ಪೈಪು ತೊಳೆಯಲು ಮುಚ್ಚಳ ಇರುವ ಬಾಯಿ ಬಿಡಿ. ಗೋಡೆಯ ಉದ್ದಕ್ಕೂ ಜಲ್ಲಿ ಮೇಲೆ ತನಕ ಇರಲಿ, ಕೊನೆಯ ಒಂದು ಅಡಿ ಮಾತ್ರ ಗಟ್ಟಿ ಜೇಡಿಮಣ್ಣು ಅಥವಾ ಕಾಂಕ್ರೀಟು, ಅದೂ ಗೋಡೆಯಿಂದ ಹೊರಗೆ ಇಳಿಜಾರಾಗಿ.

ಈ ಕೆಲಸದಲ್ಲಿ ನಮಗೆ ದೊಡ್ಡ ಅನುಕೂಲ ಒಂದಿದೆ. ಸಮತಟ್ಟು ಊರಿನ ಬೇಸ್‌ಮೆಂಟಿನಲ್ಲಿ ನೀರನ್ನು ಗುಂಡಿಗೆ ಸೇರಿಸಿ ಪಂಪಿನಿಂದ ಎತ್ತಬೇಕು. ಕರೆಂಟು ಹೋದರೆ ಮುಗಿಯಿತು. ನಮ್ಮ ಇಳಿಜಾರಿನಲ್ಲಿ ಪೈಪಿನ ತುದಿಯನ್ನು ಕೆಳಬದಿಯ ಚರಂಡಿಗೆ ತೆರೆದರೆ ನೀರು ತಾನೇ ಹೋಗುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಇಲ್ಲದ ಊರಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಪೈಪಿನ ತುದಿಗೆ ಜಾಲರಿ ಹಾಕಿ, ಇಲಿ, ಹಾವು ಸೇರದಂತೆ.

ಕಾಲುವೆ ತೆರೆದಾಗಲೇ ಗೋಡೆಯ ಹೊರಮೈಯನ್ನು ಉಜ್ಜಿ ತೊಳೆದು, ವಾಟರ್‌ಪ್ರೂಫ್ ಪುಡಿ ಸೇರಿಸಿದ ಗಿಲಾವು ಮಾಡಿ, ಪಾಲಿಮರ್ ಸಿಮೆಂಟ್ ಕೋಟಿಂಗ್ ಎರಡು ಸಲ ಹೊಡೆಸಿ. ನೀರು ಬರುವ ಬದಿಯಿಂದಲೇ ತಡೆದರೆ ಒತ್ತಡ ಆ ಪದರವನ್ನು ಗೋಡೆಗೇ ಒತ್ತುತ್ತದೆ. ಒಳಗಿನಿಂದ ತಡೆದರೆ ಅದೇ ಒತ್ತಡ ಪದರವನ್ನು ಕಿತ್ತು ಹಾಕಲು ನೋಡುತ್ತದೆ. ಕಡಿದ ಬರೆ ಎತ್ತರವಾಗಿದ್ದು ಹೊರಗೆ ಅಗೆಯಲು ಆಗದ ಮನೆಯಲ್ಲಿ ಬೇರೆ ದಾರಿ ಇಲ್ಲ, ಒಳಗಿನಿಂದಲೇ ಮಾಡಬೇಕು. ಆಗ ಪುಟ್ಟಿ, ಪೇಂಟು, ಸಡಿಲ ಗಿಲಾವು ಎಲ್ಲ ಕೆತ್ತಿ ತೆಗೆದು, ಬರಿ ಗೋಡೆಗೆ ಸಿಮೆಂಟ್ ಮೂಲದ, ಗೋಡೆಯ ಸಣ್ಣ ರಂಧ್ರದೊಳಗೆ ಹರಳು ಕಟ್ಟಿ ನೀರು ತಡೆಯುವ ಕ್ರಿಸ್ಟಲೈನ್ ಕೋಟಿಂಗ್ ಹೊಡೆಸಿ. ಪುಟ್ಟಿಯ ಮೇಲೆ ಹೊಡೆದರೆ ದುಡ್ಡು ದಂಡ. ಇನ್ನೂ ನೀರು ಇಣುಕಿದರೆ ಎರಡು ಮೂರು ಇಂಚು ಸಂದಿ ಬಿಟ್ಟು ಒಳಗೆ ತೆಳು ಗೋಡೆ ಕಟ್ಟಿ, ಸಂದಿಯ ಬುಡದಲ್ಲಿ ಸಣ್ಣ ಕಾಲುವೆ ಮಾಡಿ ಎದುರಿನ ಬದಿಗೆ ಹೊರಗೆ ಬಿಡಬಹುದು. ಕೋಣೆ ಅರ್ಧ ಅಡಿಯಷ್ಟು ಸಣ್ಣದಾಗುತ್ತದೆ, ಆದರೆ ಒಣಗಿರುತ್ತದೆ.

ಬರೆಯ ಬುಡ ಅಗೆಯುವ ಕೆಲಸ ಮಳೆಗಾಲದಲ್ಲಿ ಬೇಡವೇ ಬೇಡ. ಜನವರಿಯಿಂದ ಮಾರ್ಚ್ ಒಳಗೆ, ಒಂದೇ ಸಲ ಉದ್ದಕ್ಕೆ ತೆರೆಯದೆ ತುಂಡು ತುಂಡಾಗಿ ಅಗೆದು ಮುಚ್ಚುತ್ತಾ ಹೋಗಿ. ಬರೆ ಎತ್ತರ ಇದ್ದರೆ ಸ್ಥಳಕ್ಕೆ ಇಂಜಿನಿಯರ್ ಬಂದು ನೋಡದೆ ಒಂದು ಗುದ್ದಲಿಯನ್ನೂ ಹಾಕಬೇಡಿ. ಆ ಹೊಂಡದೊಳಗೆ ಇಳಿಯುವುದು ಯಾರದ್ದೋ ಮನೆಯ ಮಗ.

ಇನ್ನೂ ಕಟ್ಟಬೇಕಾದವರಿಗೆ ಒಂದೆರಡು ಮಾತು ಸಾಕು. ಮೇಲೆ ಹೇಳಿದ ಪೈಪು, ಜಲ್ಲಿ, ಹೊರಗಿನ ಕೋಟಿಂಗ್ ಎಲ್ಲ ಮಣ್ಣು ಮುಚ್ಚುವ ಮೊದಲೇ ಮಾಡಿದರೆ ಖರ್ಚು ಎಷ್ಟೋ ಕಡಿಮೆ. ನೆಲದ ಕಾಂಕ್ರೀಟಿನ ಕೆಳಗೆ ಅರ್ಧ ಅಡಿ ಜಲ್ಲಿ, ಅದರ ಮೇಲೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ ಹಾಸಿ. ಹಾಳೆಯ ಕೂಡುಗಳು ಒಂದು ಅಡಿ ಒಂದರ ಮೇಲೊಂದು ಬರಲಿ. ಮಣ್ಣು ತುಂಬುವ ದಿನ ಮನೆಯವರು ಯಾರಾದರೂ ಸ್ಥಳದಲ್ಲಿ ನಿಂತಿರಿ. ಮುಚ್ಚಿದ ಮೇಲೆ ಅಲ್ಲಿ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ.

ಸದ್ಯ ಆ ಕೋಣೆಯಲ್ಲೇ ಇರುವವರು: ಕಪಾಟು, ಮಂಚವನ್ನು ಹಿಂದಿನ ಗೋಡೆಯಿಂದ ಮೂರು ನಾಲ್ಕು ಇಂಚು ಸರಿಸಿ. ಒದ್ದೆ ಗೋಡೆಯಲ್ಲಿರುವ ಸ್ವಿಚ್ ಬೋರ್ಡು ಬಳಸಬೇಡಿ, ಮನೆಗೆ ಶಾಕ್ ತಪ್ಪಿಸಲು ಕರೆಂಟು ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇದೆಯಾ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ. ಬೂಷ್ಟನ್ನು ಒಣಗಿದಾಗ ಗುಡಿಸಬೇಡಿ, ಅದರ ಪುಡಿ ಎದೆಗೆ ಹೋಗುತ್ತದೆ. ಮಾಸ್ಕ್ ಹಾಕಿಕೊಂಡು, ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಒರೆಸಿ. ಕಾಫಿ, ಮೆಣಸು ಮೊದಲ ವರ್ಷ ಅಲ್ಲಿ ಇಡಲೇಬೇಡಿ. ಕಣದಲ್ಲಿ ಅಷ್ಟು ಕಷ್ಟಪಟ್ಟು 10, 11 ಶೇಕಡಾ ತೇವಕ್ಕೆ ಒಣಗಿಸಿದ ಕಾಫಿ ಆ ಗಾಳಿಯಲ್ಲಿ ಮತ್ತೆ ನೀರು ಹೀರಿ ಬೂಷ್ಟು ಹಿಡಿಯುತ್ತದೆ.

ಮಾತಿನ ನಂತರ ಕೆಲವರು ಪ್ರಶ್ನೆ ಕೇಳಿದರು. ಮುಖ್ಯವಾದವು ಇಲ್ಲಿವೆ.

ಹಿರಿಯರೊಬ್ಬರು ಕೇಳಿದರು: "ಸರ್, ಕಲೆ ಕಾಣಬಾರದು ಅಂತ ನಾಲ್ಕು ಅಡಿವರೆಗೆ ಗೋಡೆಗೆ ಟೈಲ್ಸ್ ಹಾಕಿಸಿದ್ದೇವೆ. ಈಗ ಅದರ ಮೇಲೆ ಐದನೇ ಅಡಿಯಲ್ಲಿ ಕಲೆ ಬಂದಿದೆ. ಯಾಕೆ?"

ಟೈಲ್ಸ್ ಒಳಗಿನಿಂದ ನೀರು ಆರಲು ಬಿಡುವುದಿಲ್ಲ. ಹಾಗಾಗಿ ನೀರು ಆರುವ ಜಾಗ ಹುಡುಕುತ್ತಾ ಇನ್ನೂ ಮೇಲೆ ಏರಿದೆ. ಈಗಲೇ ಎಲ್ಲ ಕೀಳಿಸಬೇಡಿ ಅಂಕಲ್. ಮೊದಲು ಹೊರಗಿನ ಅಂಗಳದ ಮಟ್ಟ ನೋಡಿ, ಗಟರ್ ಪೈಪು ಹಾಕಿಸಿ. ನೀರು ಬರುವುದು ನಿಂತರೆ ಕಲೆ ತಾನೇ ಇಳಿಯುತ್ತದೆ. ಟೈಲ್ಸ್ ತಟ್ಟಿದಾಗ ಟೊಳ್ಳು ಶಬ್ದ ಬರುವ ಕಡೆ ಮಾತ್ರ ತೆಗೆಸಿ.

ಹೋಂಸ್ಟೇ ನಡೆಸುವ ತಂಗಿ ಒಬ್ಬರ ಪ್ರಶ್ನೆ: "ಮಳೆಗಾಲದಲ್ಲಿ ಕಿಟಕಿ ತೆರೆದಿಟ್ಟರೆ ಥಂಡಿ ಹೋಗುತ್ತದಾ? ಗಾಳಿಯ ತೇವ ಹೀರುವ ಮೆಷಿನ್, ಡಿಹ್ಯುಮಿಡಿಫೈಯರ್ ತಗೊಳ್ಳಬಹುದಾ?"

ಜುಲೈನಲ್ಲಿ ಹೊರಗಿನ ಗಾಳಿಯೇ ಶೇಕಡಾ 95ರಷ್ಟು ತೇವ ಹೊತ್ತಿರುತ್ತದೆ. ಕಿಟಕಿ ತೆರೆದರೆ ವಾಸನೆ ಹೋಗುತ್ತದೆ, ಗೋಡೆ ಆರುವುದಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಗಲಿಡೀ ತೆರೆದಿಡಿ, ಗೋಡೆ ನಿಜವಾಗಿ ಆರುವ ಕಾಲ ಅದು. ಮಳೆಗಾಲದಲ್ಲಿ ಕೋಣೆಯನ್ನು ಸ್ವಲ್ಪ ಬಿಸಿ ಮಾಡಿದರೆ ಪ್ರಯೋಜನ ಇದೆ. 20 ಡಿಗ್ರಿಯ ಶೇಕಡಾ 95 ತೇವದ ಗಾಳಿಯನ್ನು 25 ಡಿಗ್ರಿಗೆ ಏರಿಸಿದರೆ ತೇವಾಂಶ ಶೇಕಡಾ 70ಕ್ಕೆ ಇಳಿಯುತ್ತದೆ. ಇದ್ದಿಲಿನ ಅಗ್ಗಿಷ್ಟಿಕೆ ಮಾತ್ರ ಮುಚ್ಚಿದ ಕೋಣೆಯಲ್ಲಿ ಇಡಬೇಡಿ, ಅದರ ಹೊಗೆಯಿಲ್ಲದ ವಿಷಗಾಳಿಗೆ ಜೀವ ಹೋಗುತ್ತದೆ. ಡಿಹ್ಯುಮಿಡಿಫೈಯರ್ ತೆಗೆದುಕೊಳ್ಳಬಹುದು, ಕಿಟಕಿ ಬಾಗಿಲು ಮುಚ್ಚಿ ಓಡಿಸಬೇಕು. ಆದರೆ ಬರೆಯ ನೀರು ನಿಲ್ಲಿಸದೆ ಅದನ್ನು ಓಡಿಸಿದರೆ ಗೋಡೆಯಿಂದ ಇನ್ನಷ್ಟು ನೀರು ಎಳೆಯುತ್ತದೆ, ಕರೆಂಟ್ ಬಿಲ್ ಏರುತ್ತದೆ, ಉಪ್ಪು ಜಾಸ್ತಿ ಹೊರಬರುತ್ತದೆ.

ಕೊನೆಗೆ ಒಬ್ಬ ಯುವಕರು: "ಪಾಯ ಹಾಕುತ್ತಿದ್ದೇವೆ. ನಾಳೆ ಥಂಡಿ ಬಂದರೆ ಕಂಟ್ರಾಕ್ಟರ್ ಹತ್ತಿರ ಕೇಳಬಹುದಾ?"

ಕೇಳಬಹುದು, ಆದರೆ ಈಗಲೇ ಬರೆದಿಟ್ಟುಕೊಂಡಿದ್ದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಗೋಡೆಯ ಹಿಂದಿನ ಪೈಪು, ಜಲ್ಲಿ, ಕೋಟಿಂಗ್ ಎಲ್ಲ ಅಗ್ರಿಮೆಂಟಿನಲ್ಲಿ ಬೇರೆ ಬೇರೆ ಐಟಂ ಆಗಿ ಬರಲಿ. "ವಾಟರ್‌ಪ್ರೂಫಿಂಗ್ ಸೇರಿ" ಎಂದು ಒಂದು ಸಾಲು ಸಾಲದು. ಒಟ್ಟು ಮೊತ್ತದ ಒಂದು ಸಣ್ಣ ಪಾಲನ್ನು ಮೊದಲ ಮಳೆಗಾಲ ಮುಗಿದು, ಅಕ್ಟೋಬರ್‌ನಲ್ಲಿ ಇಬ್ಬರೂ ಒಟ್ಟಿಗೆ ಗೋಡೆ ನೋಡಿದ ಮೇಲೆ ಕೊಡುವುದು ಎಂದು ಇಬ್ಬರೂ ಒಪ್ಪಿ ಸಹಿ ಮಾಡಿ. ಒಳ್ಳೆಯ ಕಂಟ್ರಾಕ್ಟರ್ ಇದಕ್ಕೆ ಬೇಡ ಅನ್ನುವುದಿಲ್ಲ. ಮಣ್ಣು ಮುಚ್ಚುವ ಮೊದಲು ಗೋಡೆಯ ಹಿಂದಿನದ್ದನ್ನೆಲ್ಲ, ಪೈಪಿನ ತುದಿ ಎಲ್ಲಿ ಹೊರಬರುತ್ತದೆ ಎನ್ನುವುದನ್ನೂ ಸೇರಿಸಿ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಹತ್ತು ವರ್ಷದ ಮೇಲೆ ಪೈಪು ಕಟ್ಟಿಕೊಂಡರೆ ಎಲ್ಲಿ ಅಗೆಯಬೇಕು ಎಂದು ಆ ಫೋಟೊ ನೋಡಿಯೇ ಗೊತ್ತಾಗಬೇಕು.